ಎಲ್ಲವೂ ತಾನಾಗಿಯೇ ನಡೆಯುವ ಎಲೆಕ್ಟ್ರಿಕ್ ಕಾರಿಗೆ ಬಟನ್ ಏಕೆ ಬೇಕು?

ಪ್ರಶ್ನೆ: ನಾನು ಶಿವಮೊಗ್ಗದವನು. ಬಹಳ ವರ್ಷಗಳಿಂದ ಪೆಟ್ರೋಲ್ ಕಾರು ಓಡಿಸುತ್ತಿದ್ದೇನೆ, ಈಗ ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆಯಲ್ಲಿದ್ದೇನೆ. ಶೋರೂಮುಗಳಲ್ಲಿ ನೋಡಿದ ಕೆಲವು ಕಾರುಗಳಲ್ಲಿ ಎಸಿಯ ಫ್ಯಾನ್ ಜೋರು ಮಾಡುವುದಕ್ಕೂ ಪರದೆಯನ್ನೇ ಮುಟ್ಟಬೇಕು. ಕೇಳಿದರೆ, ‘ಎಲ್ಲಾ ಆಟೋಮ್ಯಾಟಿಕ್ ಸಾರ್, ಬಟನ್ ಒತ್ತುವ ಪ್ರಮೇಯವೇ ಬರೋದಿಲ್ಲ’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ, ಇದು ನಿಮ್ಮ ಹಳೆಯ ಅಭ್ಯಾಸದ ಹಠ, ಎರಡು ವಾರದಲ್ಲಿ ಹೊಂದಿಕೊಳ್ಳುತ್ತೀರಿ ಎನ್ನುತ್ತಾನೆ. ನಾವು ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವವರು. ಬಟನ್ ಇರುವ ಕಾರನ್ನೇ ಹುಡುಕಬೇಕೇ, ಅಥವಾ ಮಗ ಹೇಳುವುದು ಸರಿಯೇ?

ಉತ್ತರ: ನಿಮ್ಮ ಮಗನ ಮಾತಿನಲ್ಲಿ ಸ್ವಲ್ಪ ನಿಜವಿದೆ, ಶೋರೂಮಿನವರ ಮಾತಿನಲ್ಲಿ ಅಷ್ಟೂ ಇಲ್ಲ. ಹೊಸ ಕಾರಿನ ಪರದೆಯಲ್ಲಿ ಯಾವ ಚಿತ್ರ ಎಲ್ಲಿದೆ, ಯಾವ ಪುಟದ ಹಿಂದೆ ಯಾವ ಪುಟ ಅಡಗಿದೆ ಎಂಬುದು ಎರಡು ವಾರದಲ್ಲಿ ನಿಜಕ್ಕೂ ರೂಢಿಯಾಗುತ್ತದೆ. ಎಷ್ಟು ರೂಢಿಯಾದರೂ ಹೋಗದ ತೊಡಕು ಬೇರೆಯೇ ಇದೆ. ನಯವಾದ ಗಾಜಿನ ಮೇಲೆ ಬೆರಳಿಗೆ ಅಂಚು ಸಿಗುವುದಿಲ್ಲ, ಒತ್ತಿದ್ದು ತಾಗಿತೋ ಇಲ್ಲವೋ ಎಂಬುದೂ ಬೆರಳಿಗೆ ತಿಳಿಯುವುದಿಲ್ಲ. ಆದ್ದರಿಂದ ಆ ಕಾರನ್ನು ಹತ್ತು ವರ್ಷ ಓಡಿಸಿದವರೂ ಪ್ರತಿ ಸಲ ಕಣ್ಣನ್ನು ರಸ್ತೆಯಿಂದ ತೆಗೆದು ಪರದೆಯತ್ತ ಹೊರಳಿಸಲೇಬೇಕು, ಅದೂ ಎರಡು ಬಾರಿ, ಒಮ್ಮೆ ಗುರಿ ಹಿಡಿಯಲು, ಇನ್ನೊಮ್ಮೆ ಕೆಲಸ ಆಯಿತೇ ಎಂದು ನೋಡಲು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ನೋಡಿ.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ 2013ರಲ್ಲಿ ತಯಾರಕರಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಚಾಲಕನು ಉಪಕರಣದ ಕಡೆಗೆ ಒಂದು ಸಲ ನೋಡುವ ನೋಟ ಎರಡು ಸೆಕೆಂಡು ಮೀರಬಾರದು, ಒಂದು ಕೆಲಸಕ್ಕೆ ಒಟ್ಟು ನೋಡುವ ಹೊತ್ತು 12 ಸೆಕೆಂಡು ಮೀರಬಾರದು ಎಂದಿದೆ. ಅದು ಪಾಲಿಸಲೇಬೇಕಾದ ಕಾನೂನಲ್ಲ, ಸಲಹೆ ಮಾತ್ರ. ಈ ಸಲಹೆಗೂ ಮಾರುಕಟ್ಟೆಯಲ್ಲಿರುವ ಕಾರುಗಳಿಗೂ ಎಷ್ಟು ದೂರವಿದೆ ಎಂಬುದನ್ನು 2022ರಲ್ಲಿ ಸ್ವೀಡನ್ನಿನ ವಿ ಬಿಲೆಗಾರೆ ಎಂಬ ಕಾರು ಪತ್ರಿಕೆ ಒಂದು ವಿಮಾನ ಓಡುದಾರಿಯ ಮೇಲೆ ಅಳೆದು ತೋರಿಸಿತು. 11 ಹೊಸ ಕಾರುಗಳ ಜೊತೆಗೆ 2005ರ ಒಂದು ಹಳೆಯ ವೋಲ್ವೋ ವಿ70 ಕಾರನ್ನೂ ತಂದು, ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಾ ಸೀಟಿನ ಬಿಸಿ ಮತ್ತು ಒಳಗಿನ ತಾಪಮಾನ ಹೆಚ್ಚಿಸುವುದು, ರೇಡಿಯೋ ಹಾಕಿ ನಿರ್ದಿಷ್ಟ ಕೇಂದ್ರಕ್ಕೆ ಹೊಂದಿಸುವುದು, ಟ್ರಿಪ್ ಮೀಟರನ್ನು ಸೊನ್ನೆಗೆ ತರುವುದು, ಮೀಟರುಗಳ ಬೆಳಕು ತಗ್ಗಿಸುವುದು ಮುಂತಾದ ನಾಲ್ಕು ಬಗೆಯ ಕೆಲಸಗಳನ್ನು ಮಾಡಿಸಿದರು. ಬಟನ್ ತುಂಬಿದ ಹಳೆಯ ವೋಲ್ವೋದಲ್ಲಿ ಎಲ್ಲವೂ 10 ಸೆಕೆಂಡಿನಲ್ಲಿ, 306 ಮೀಟರ್ ಸಾಗುವಷ್ಟರಲ್ಲಿ ಮುಗಿಯಿತು. ಪರದೆಯನ್ನು ನೆಚ್ಚಿಕೊಂಡ ಎಂಜಿ ಮಾರ್ವೆಲ್ ಆರ್ ಎಂಬ ಎಲೆಕ್ಟ್ರಿಕ್ ಕಾರಿನಲ್ಲಿ ಅದಕ್ಕೆ 44.6 ಸೆಕೆಂಡು ಹಿಡಿಯಿತು. ಅಷ್ಟರಲ್ಲಿ ಕಾರು 1,372 ಮೀಟರ್ ಸಾಗಿತ್ತು. ನಿಮ್ಮ ಮಗನಿಗೆ ಹೇಳಬೇಕಾದ ಅಂಶವೆಂದರೆ, ಪರೀಕ್ಷೆಗೆ ಮೊದಲು ಚಾಲಕರಿಗೆ ಆ ಕಾರುಗಳ ಪರದೆಗಳನ್ನು ಪರಿಚಯ ಮಾಡಿಕೊಳ್ಳಲು ಸಮಯ ಕೊಡಲಾಗಿತ್ತು. ಇದು ಒಂದು ಪತ್ರಿಕೆಯ ಪರೀಕ್ಷೆಯೇ ಹೊರತು ಪ್ರಯೋಗಾಲಯದ ಅಧ್ಯಯನವಲ್ಲ, ಟ್ರಿಪ್ ಮೀಟರನ್ನು ಓಡಿಸುತ್ತಲೇ ಸೊನ್ನೆ ಮಾಡಬೇಕಾದ ಅವಸರ ಯಾರಿಗೂ ಇರುವುದಿಲ್ಲ ಎಂಬ ಆಕ್ಷೇಪಗಳು ನ್ಯಾಯವಾದವೇ. ಆದರೂ ನಾಲ್ಕು ಪಟ್ಟಿಗಿಂತ ಹೆಚ್ಚಿನ ಅಂತರವನ್ನು ಅಂಥ ಆಕ್ಷೇಪಗಳು ಅಳಿಸಲಾರವು.

ಬಟನ್‌ಗಳು ಏಕೆ ಹೋದವು ಎಂಬುದಕ್ಕೆ ಚಾಲಕರ ಇಷ್ಟಾನಿಷ್ಟಕ್ಕಿಂತ ಕಾರ್ಖಾನೆಯ ಲೆಕ್ಕಾಚಾರವೇ ಮುಖ್ಯ ಕಾರಣ. ಒಂದೊಂದು ಬಟನ್‌ಗೂ ಅಚ್ಚು ಬೇಕು, ವೈರು ಬೇಕು, ಕನೆಕ್ಟರ್ ಬೇಕು, ಬಿಸಿಲು ಮತ್ತು ಕುಲುಕಾಟಕ್ಕೆ ಅದು ತಡೆಯುತ್ತದೆಯೇ ಎಂಬ ಪರೀಕ್ಷೆ ಬೇಕು. ಪರದೆಯಂತೂ ಹೇಗಿದ್ದರೂ ಇರಲೇಬೇಕಾಗಿದೆ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯವಾಗಿ, ಅದನ್ನು ತೋರಿಸಲು ಪರದೆಯೂ ಕಡ್ಡಾಯವಾದಂತೆಯೇ ಆಯಿತು. ಇರುವ ಪರದೆಯ ಮೇಲೆ ಇನ್ನೊಂದು ಚಿತ್ರ ಬರೆಯಲು ಕಾಸು ಖರ್ಚಿಲ್ಲ, ಕಾರು ಮಾರಾಟವಾದ ಮೇಲೂ ಸಾಫ್ಟ್‌ವೇರ್ ಮೂಲಕ ಅದನ್ನು ಬದಲಿಸಬಹುದು. ಎಲೆಕ್ಟ್ರಿಕ್ ಕಾರುಗಳ ವಿನ್ಯಾಸ ಹೊಸದಾಗಿ, ಒಂದು ದೊಡ್ಡ ಕಂಪ್ಯೂಟರಿನ ಸುತ್ತ ಆರಂಭವಾದ ಕಾರಣ ಈ ಲೆಕ್ಕಾಚಾರ ಅವುಗಳಲ್ಲೇ ಮೊದಲು ಎದ್ದುಕಂಡಿತು. 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಪರದೆಯೊಂದಿಗೆ ಬಂದ ಮೇಲೆ, ಪರದೆ ದೊಡ್ಡದಾದಷ್ಟೂ ಕಾರು ಮುಂದುವರಿದದ್ದು ಎಂಬ ಭಾವನೆ ಗ್ರಾಹಕರಲ್ಲೂ ಬೇರೂರಿತು. ಶೋರೂಮಿನ ತಂಪಿನಲ್ಲಿ, ನಿಂತ ಕಾರಿನಲ್ಲಿ ಕುಳಿತು ನೋಡಿದಾಗ ಆ ಪರದೆಯಷ್ಟು ಮನ ಸೆಳೆಯುವುದು ಇನ್ನೊಂದಿಲ್ಲ ಎಂಬುದೂ ನಿಜ.

ಪರದೆಯನ್ನೇ ದೂರುವುದು ನನ್ನ ಉದ್ದೇಶವಲ್ಲ. ರಾತ್ರಿ ಎಷ್ಟು ಗಂಟೆಗೆ ಚಾರ್ಜಿಂಗ್ ಶುರುವಾಗಬೇಕು, ಬ್ಯಾಟರಿ ಶೇಕಡಾ 80ಕ್ಕೆ ನಿಲ್ಲಬೇಕೋ ಪೂರ್ತಿ ತುಂಬಬೇಕೋ, ದಾರಿಯಲ್ಲಿ ಚಾರ್ಜರ್ ಎಲ್ಲಿದೆ, ಬೀಗದ ಸದ್ದು ಎಷ್ಟಿರಬೇಕು ಎಂಬಂಥ ನೂರಾರು ಹೊಂದಾಣಿಕೆಗಳು ಈ ಕಾರುಗಳಲ್ಲಿವೆ. ಅವಕ್ಕೆಲ್ಲ ಒಂದೊಂದು ಬಟನ್ ಇಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಕೈಯಿಡಲು ಜಾಗವೇ ಇರುವುದಿಲ್ಲ. ನಿಂತಾಗ ಮಾಡುವ ಕೆಲಸಗಳಿಗೆ ಪರದೆಯೇ ಸರಿಯಾದ ಜಾಗ.

ಇನ್ನು ‘ಎಲ್ಲಾ ಆಟೋಮ್ಯಾಟಿಕ್’ ಎಂಬ ಮಾತಿಗೆ ಬರುತ್ತೇನೆ. ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ. ಕೆಲಸ ತಾನಾಗಿಯೇ ಆಗುವುದಾದರೆ ಅದಕ್ಕೆ ಬಟನ್ ಬೇಡ ಎಂಬ ತರ್ಕ ಕೇಳಲು ಸರಿಯೆನಿಸುತ್ತದೆ. ಆದರೆ ಚಾಲಕನ ಕೈ ಬಟನ್ ಹುಡುಕುವುದು ಯಂತ್ರ ಸರಿಯಾಗಿ ನಡೆಯುತ್ತಿರುವಾಗ ಅಲ್ಲ, ಅದು ತಪ್ಪಿದಾಗ. ತಪ್ಪುವುದು ಸಾಮಾನ್ಯವಾಗಿ ಮಳೆ, ಮಂಜು, ಕತ್ತಲೆ, ತಿರುವುಗಳಂಥ ಕಷ್ಟದ ಗಳಿಗೆಯಲ್ಲೇ. ಮೊದಲು ಕೈಯಿಂದ ಆಗುತ್ತಿದ್ದಾಗ ವೈಪರ್ ವೇಗ ಬದಲಿಸಲು ಎರಡು ನಿಮಿಷ ತಡವಾದರೂ ನಡೆಯುತ್ತಿತ್ತು. ತಾನಾಗಿ ನಡೆಯುವ ವೈಪರ್ ಮೋಸ ಮಾಡಿದ ಗಳಿಗೆಗೆ ಎರಡು ಸೆಕೆಂಡಿನ ತಾಳ್ಮೆಯೂ ಇರುವುದಿಲ್ಲ. ಆದ್ದರಿಂದ ಕಾರಿನಲ್ಲಿ ತಾನಾಗಿ ನಡೆಯುವ ಕೆಲಸಗಳು ಹೆಚ್ಚಿದಷ್ಟೂ ಅವುಗಳನ್ನು ತಕ್ಷಣ ತಡೆಯುವ, ತಿದ್ದುವ, ನಮ್ಮ ಕೈಗೆ ತೆಗೆದುಕೊಳ್ಳುವ ಬಟನ್ ಮತ್ತು ಲಿವರ್‌ಗಳ ಅಗತ್ಯ ಹೆಚ್ಚುತ್ತದೆ ಎಂಬುದು ನನ್ನ ಅಭಿಪ್ರಾಯ. ಸ್ವಯಂಚಾಲನೆ ಹೆಚ್ಚಿದಂತೆ ಮನುಷ್ಯನಿಗೆ ಉಳಿಯುವುದು ಅತ್ಯಂತ ಕಠಿಣವಾದ ಕೆಲಸವೇ ಎಂದು ಬ್ರಿಟನ್ನಿನ ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ, ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳನ್ನು ಗಮನದಲ್ಲಿಟ್ಟುಕೊಂಡು ಬರೆದಿದ್ದರು. ಇಂದಿನ ಕಾರಿಗೆ ಅದನ್ನು ಒಂದಕ್ಷರ ತಿದ್ದದೆ ಅನ್ವಯಿಸಬಹುದು.

ವೈಪರನ್ನೇ ಹತ್ತಿರದಿಂದ ನೋಡೋಣ. ಸಾಮಾನ್ಯವಾದ ಮಳೆ ಸೆನ್ಸರ್ ಒಳಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡು ಕುಳಿತಿರುತ್ತದೆ. ಅದು ಅವಗೆಂಪು ಬೆಳಕನ್ನು ಓರೆಯಾಗಿ ಗಾಜಿನೊಳಕ್ಕೆ ಬಿಡುತ್ತದೆ. ಗಾಜು ಒಣಗಿದ್ದರೆ ಬೆಳಕು ಪೂರ್ತಿಯಾಗಿ ಪ್ರತಿಫಲಿಸಿ ಮರಳುತ್ತದೆ, ಹೊರಗೆ ಹನಿ ಕೂತಿದ್ದರೆ ಒಂದಿಷ್ಟು ಬೆಳಕು ಆ ಹನಿಯ ಮೂಲಕ ಸೋರಿಹೋಗುತ್ತದೆ. ಮರಳಿ ಬಂದ ಬೆಳಕು ಎಷ್ಟು ಕಡಿಮೆಯಾಯಿತು ಎಂಬುದರಿಂದ ಮಳೆಯ ಬಿರುಸನ್ನು ಅದು ಊಹಿಸುತ್ತದೆ. ಜಾಣ ವ್ಯವಸ್ಥೆಯೇ, ಸಂದೇಹವಿಲ್ಲ. ಆದರೆ ಅದು ನೋಡುವುದು ಅಂಗೈಗಿಂತ ಚಿಕ್ಕದಾದ ಒಂದು ತುಣುಕು ಗಾಜನ್ನು ಮಾತ್ರ. ತೀರ್ಥಹಳ್ಳಿ ದಾಟಿದ ಮೇಲೆ ಎದುರಿನಿಂದ ಬಂದ ಲಾರಿಯ ಚಕ್ರ ಹೊಂಡದ ಕೆಸರುನೀರನ್ನು ನಿಮ್ಮ ಮುಖದ ನೇರಕ್ಕೆ ಎರಚಿ, ಸೆನ್ಸರ್ ಇರುವ ಜಾಗ ಮಾತ್ರ ಶುಭ್ರವಾಗಿ ಉಳಿದರೆ, ಕಾರಿನ ಲೆಕ್ಕದಲ್ಲಿ ಮಳೆಯೇ ಇಲ್ಲ. ಕೆಲವು ಕಾರುಗಳಲ್ಲಿ ಪ್ರತ್ಯೇಕ ಸೆನ್ಸರ್ ಬದಲು ಕ್ಯಾಮೆರಾದ ಚಿತ್ರದಿಂದಲೇ ಮಳೆಯನ್ನು ಗುರುತಿಸುವ ಪ್ರಯತ್ನವಿದೆ. ಅದಕ್ಕೂ ಜಿಟಿಜಿಟಿ ಮಳೆ ಮತ್ತು ರಾತ್ರಿಯ ಹನಿಗಳು ಕಷ್ಟದ ಪಾಠಗಳೇ. ಆ ಹೊತ್ತಿನಲ್ಲಿ ಬೇಕಾದದ್ದು ಸ್ಟಿಯರಿಂಗ್‌ನಿಂದ ಕೈ ತೆಗೆಯದೆ ಬೆರಳಿನಿಂದ ಎಳೆಯಬಹುದಾದ ಲಿವರ್. ಜರ್ಮನಿಯಲ್ಲಿ ಟೆಸ್ಲಾ ಮಾಡೆಲ್ 3 ಓಡಿಸುತ್ತಿದ್ದ ಒಬ್ಬ ಚಾಲಕ ಜೋರು ಮಳೆಯಲ್ಲಿ ವೈಪರಿನ ವೇಗವನ್ನು ಪರದೆಯ ಮೇಲೆ ಬದಲಿಸಲು ಹೋಗಿ ರಸ್ತೆಯಿಂದಾಚೆ ಸರಿದು ಮರಗಳಿಗೆ ಗುದ್ದಿದಾಗ, ಕಾರ್ಲ್ಸ್‌ರೂಹೆಯ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಆತನಿಗೆ ವಿಧಿಸಿದ್ದ 200 ಯೂರೋ ದಂಡವನ್ನೂ ಒಂದು ತಿಂಗಳ ಚಾಲನಾ ನಿಷೇಧವನ್ನೂ ಎತ್ತಿಹಿಡಿಯಿತು. ಕಾರಿನಲ್ಲೇ ಕೂಡಿಸಿದ ಪರದೆಯೂ ಮೊಬೈಲ್ ಫೋನಿನಂಥ ಎಲೆಕ್ಟ್ರಾನಿಕ್ ಉಪಕರಣವೇ, ಯಾವ ಕೆಲಸಕ್ಕಾಗಿ ಅದನ್ನು ಮುಟ್ಟಿದರೂ ನಿಯಮ ಒಂದೇ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ವೈಪರ್ ಹಾಕಿದ್ದಕ್ಕೆ ದಂಡವೇ ಎಂದು ಅಚ್ಚರಿಯಾಗಬಹುದು. ಆದರೆ ವೈಪರನ್ನು ಪರದೆಯೊಳಗೆ ಇಟ್ಟ ವಿನ್ಯಾಸಕಾರನ ಪಾಲಿಗೆ ಯಾವ ದಂಡವೂ ಬರಲಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ಅಚ್ಚರಿ.

ಗಾಜಿನ ಒಳಗಡೆ ಕೂರುವ ಮಬ್ಬಿನ ಕಥೆಯೂ ಇದೇ. ಮಳೆಗಾಲದಲ್ಲಿ ಒದ್ದೆ ಬಟ್ಟೆಯ ನಾಲ್ವರು ಹತ್ತಿ ಕೂತರೆ ಕಾರಿನೊಳಗಿನ ತೇವ ಏಕಾಏಕಿ ಏರುತ್ತದೆ. ಆಟೋ ಎಸಿ ಇಪ್ಪತ್ತನಾಲ್ಕು ಡಿಗ್ರಿ ಸಿಕ್ಕಿತೆಂದು ಫ್ಯಾನ್ ನಿಧಾನ ಮಾಡಿ ಸುಮ್ಮನಾಗಿರುತ್ತದೆ. ಒಳಗಿನ ತೇವವನ್ನು ಅಳೆಯುವ ಸೆನ್ಸರ್ ಎಲ್ಲ ಕಾರುಗಳಲ್ಲೂ ಇರುವುದಿಲ್ಲ. ತಿರುವಿನ ನಡುವೆ ಗಾಜು ಮಬ್ಬಾದಾಗ ಮುಂಗಾಜಿನ ಡಿಫಾಗ್ ಬಟನ್ ಒಂದೇ ಒತ್ತಿಗೆ ಸಿಗಬೇಕು. ಅದಕ್ಕಾಗಿ ಪರದೆಯ ಎಸಿ ಪುಟ ತೆರೆಯಬೇಕಾದ ಕಾರು ಬಳ್ಳಾರಿಯವರಿಗೆ ನಡೆದೀತು, ನಿಮಗೆ ಬೇಡ.

ಎಲೆಕ್ಟ್ರಿಕ್ ಕಾರಿಗೇ ವಿಶಿಷ್ಟವಾದದ್ದು ರೀಜನ್, ಅಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಮೋಟಾರೇ ಜನರೇಟರಾಗಿ ಕಾರನ್ನು ನಿಧಾನಗೊಳಿಸುತ್ತಾ ಬ್ಯಾಟರಿಗೆ ವಿದ್ಯುತ್ ಮರಳಿಸುವ ವ್ಯವಸ್ಥೆ. ಘಾಟಿ ಇಳಿಯುವವರು ಕಾರು ಕೊಳ್ಳುವ ಮೊದಲು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ನಿಯಂತ್ರಣ ಇದೇ ಎಂಬುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವುಗಳಲ್ಲಿ 500 ಮೀಟರಿಗೂ ಹೆಚ್ಚು ಇಳಿಯುತ್ತೀರಿ. ಪ್ರಯಾಣಿಕರೂ ಸೇರಿ 1,800 ಕಿಲೋ ತೂಗುವ ಕಾರು 500 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಎರಡೂವರೆ ಯೂನಿಟ್ ವಿದ್ಯುತ್ತಿಗೆ ಸಮ. ಪೆಟ್ರೋಲ್ ಕಾರಿನಲ್ಲಿ ನೀವು ಎರಡನೇ ಗೇರಿಗೆ ಹಾಕಿ ಎಂಜಿನ್ನಿಗೂ ಬ್ರೇಕಿನ ಬಿಸಿಗೂ ಹಂಚುತ್ತಿದ್ದ ಈ ಶಕ್ತಿಯ ಗಣನೀಯ ಭಾಗ ಇಲ್ಲಿ ಬ್ಯಾಟರಿಗೆ ಹೋಗುತ್ತದೆ, ಬ್ರೇಕ್ ಪ್ಯಾಡುಗಳು ತಣ್ಣಗಿರುತ್ತವೆ. ರೀಜನ್ ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ಕೆಲವು ಕಾರುಗಳಲ್ಲಿ ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಎಂಬ ಚಿಕ್ಕ ಲಿವರ್‌ಗಳಿಂದ ಹಂತ ಹಂತವಾಗಿ ಬದಲಿಸಬಹುದು; 2023ರ ನಂತರದ ಟಾಟಾ ನೆಕ್ಸಾನ್ ಇವಿ, ಹ್ಯುಂಡೈ ಅಯಾನಿಕ್ 5 ಮುಂತಾದವುಗಳಲ್ಲಿ ಈ ಪ್ಯಾಡಲ್‌ಗಳಿವೆ. ಇನ್ನು ಕೆಲವು ಕಾರುಗಳಲ್ಲಿ ಅದು ಪರದೆಯ ಸೆಟ್ಟಿಂಗ್ಸ್ ಒಳಗೆ ಕೂತಿರುತ್ತದೆ.

ಮುಂದಿನ ವಾಹನದ ದೂರವನ್ನು ರಾಡಾರಿನಿಂದ ಅಳೆದು ರೀಜನ್ ಬಿಗಿಯನ್ನು ತಾನೇ ಬದಲಿಸುವ ಆಟೋ ವ್ಯವಸ್ಥೆಯೂ ಕೆಲವು ಮಾದರಿಗಳಲ್ಲಿದೆ. ಹೆದ್ದಾರಿಯಲ್ಲಿ ಅದು ನಿಜಕ್ಕೂ ಆರಾಮ, ನಾನೂ ಅದನ್ನೇ ಬಳಸುತ್ತೇನೆ. ಘಾಟಿಯಲ್ಲಿ ಮಾತ್ರ ಬೇಡ. ತಿರುವಿನಲ್ಲಿ ಮುಂದಿನ ವಾಹನ ರಾಡಾರಿನ ನೋಟದಿಂದ ತಪ್ಪಿಹೋದಾಗ ದಾರಿ ಖಾಲಿಯಿದೆ ಎಂದು ಅದು ಹಿಡಿತ ಸಡಿಲಿಸಬಹುದು. ಕಾಲು ತೆಗೆದಾಗ ಕಾರು ಎಷ್ಟು ನಿಧಾನವಾಗುತ್ತದೆ ಎಂಬುದು ಹಿಂದಿನ ತಿರುವಿನಲ್ಲಿ ಒಂದು ಬಗೆ, ಮುಂದಿನದರಲ್ಲಿ ಇನ್ನೊಂದು ಬಗೆಯಾದರೆ ಚಾಲಕನ ಕಾಲಿಗೆ ಲೆಕ್ಕವೇ ಸಿಗುವುದಿಲ್ಲ. ಇಳಿಜಾರಿನಲ್ಲಿ ಬೇಕಾದದ್ದು ಪ್ರತಿ ಸಲವೂ ಒಂದೇ ಆಗಿರುವ ಪ್ರತಿಕ್ರಿಯೆ. ಪ್ಯಾಡಲ್ ಬಳಸುವಾಗಲೂ ಒಂದು ಮಾತು ನೆನಪಿಡಿ: ಅದು ಸ್ಟಿಯರಿಂಗ್ ಜೊತೆಗೇ ತಿರುಗುತ್ತದೆ, ಹೇರ್‌ಪಿನ್ನಿನ ಮಧ್ಯೆ ಎಡದ ಪ್ಯಾಡಲ್ ಬಲಕ್ಕೋ ಕೆಳಕ್ಕೋ ಹೋಗಿರುತ್ತದೆ. ಹಂತವನ್ನು ನೇರ ದಾರಿಯಲ್ಲಿ ಹೊಂದಿಸಿಕೊಂಡು ತಿರುವಿಗೆ ಇಳಿಯಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಮಾರಾಟಗಾರರು ಅಪರೂಪಕ್ಕೆ ಹೇಳುತ್ತಾರೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮರಳಿ ಬರುವ ವಿದ್ಯುತ್ತಿಗೆ ಅದರಲ್ಲಿ ಜಾಗವಿರುವುದಿಲ್ಲ, ಆದ್ದರಿಂದ ಕಾರು ತಾನಾಗಿಯೇ ರೀಜನ್ ತಗ್ಗಿಸುತ್ತದೆ. ಘಾಟಿಯ ತಲೆಯಲ್ಲೇ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿದರೆ, ಕಾಲು ತೆಗೆದಾಗ ನಿಧಾನವಾಗಬೇಕಿದ್ದ ಕಾರು ಜಾರುತ್ತಲೇ ಹೋಗುತ್ತದೆ, ಬ್ರೇಕ್ ಪೆಡಲನ್ನೇ ನೆಚ್ಚಬೇಕಾಗುತ್ತದೆ. ಕೆಲವು ಕಾರುಗಳು ಇದನ್ನು ಬ್ರೇಕನ್ನು ತಾವೇ ಸ್ವಲ್ಪ ಹಚ್ಚಿ ಸರಿದೂಗಿಸುತ್ತವೆ, ಉಳಿದವು ಒಂದು ಚಿಕ್ಕ ಸೂಚನೆ ಕೊಟ್ಟು ಸುಮ್ಮನಾಗುತ್ತವೆ. ನೀವು ಶಿವಮೊಗ್ಗದಲ್ಲಿ ಪೂರ್ತಿ ತುಂಬಿಸಿ ಹೊರಟರೂ ಆಗುಂಬೆ ತಲುಪುವ ಹೊತ್ತಿಗೆ ಸಾಕಷ್ಟು ಖಾಲಿಯಾಗಿರುತ್ತದೆ, ಹಾಗಾಗಿ ಮನೆಯಿಂದ ಹೊರಡುವ ದಿನ ಈ ತೊಂದರೆಯಿಲ್ಲ. ಬ್ರೇಕ್ ಒತ್ತದೆ ಆಕ್ಸಿಲರೇಟರ್ ಒಂದೇ ಪೆಡಲಿನಲ್ಲಿ ಓಡಿಸುವವರನ್ನು ಹಿಂಬಾಲಿಸುವವರ ಸುರಕ್ಷೆಗೂ ನಿಯಮವಿದೆ: ವಿಶ್ವಸಂಸ್ಥೆಯ ಬ್ರೇಕ್ ನಿಯಮಾವಳಿಯ ಪ್ರಕಾರ ರೀಜನ್‌ನಿಂದ ಕಾರಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 1.3 ಮೀಟರಿಗಿಂತ ಹೆಚ್ಚು (ಅಂದರೆ ಗಂಟೆಗೆ ಸುಮಾರು 4.7 ಕಿಲೋಮೀಟರಿಗಿಂತ ಹೆಚ್ಚು) ತಗ್ಗುವಂತಿದ್ದರೆ ಬ್ರೇಕ್ ಪೆಡಲ್ ಒತ್ತದಿದ್ದರೂ ಹಿಂದಿನ ಬ್ರೇಕ್ ದೀಪ ಹೊತ್ತಲೇಬೇಕು.

ಲೇನ್ ಬಿಟ್ಟರೆ ಸ್ಟಿಯರಿಂಗ್ ಎಳೆಯುವ, ಎದುರು ಅಡ್ಡಿ ಕಂಡರೆ ಬ್ರೇಕ್ ಹಾಕುವ ಎಡಾಸ್ ಸೌಲಭ್ಯಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಅವುಗಳನ್ನು ಬಿಟ್ಟು ಈ ಉತ್ತರ ಪೂರ್ತಿಯಾಗುವುದಿಲ್ಲ. ತುರ್ತು ಬ್ರೇಕ್ ಜೀವ ಉಳಿಸುವ ಸಾಧನ, ಅದನ್ನು ಆಫ್ ಮಾಡಬೇಡಿ. ಲೇನ್ ಹಿಡಿಯುವ ಸಹಾಯ ಮಾತ್ರ ಬಿಳಿ ಗೆರೆ ಅಳಿಸಿಹೋದ, ಹೊಂಡ ತಪ್ಪಿಸಲು ಹಾವಿನಂತೆ ಹೋಗಬೇಕಾದ ರಸ್ತೆಗೆ ಹೇಳಿಸಿದ್ದಲ್ಲ. ನೀವು ಹೊಂಡ ಬಳಸುವಾಗ ಅದು ನಿಮ್ಮನ್ನು ಹೊಂಡದತ್ತಲೇ ನೂಕಲು ನೋಡುತ್ತದೆ. ಅದನ್ನು ಆಫ್ ಮಾಡಲು ಸ್ಟಿಯರಿಂಗ್ ಮೇಲೆ ಬಟನ್ ಇದೆಯೇ, ಅಥವಾ ಮೂರು ಪುಟ ದಾಟಬೇಕೇ ಎಂಬುದು ನಿತ್ಯದ ಬಳಕೆಯಲ್ಲಿ ಬಹಳ ಮುಖ್ಯ. ಯುರೋಪಿನಲ್ಲಿ 2024ರ ಜುಲೈನಿಂದ ಮಾರಾಟವಾಗುವ ಹೊಸ ಕಾರುಗಳೆಲ್ಲಕ್ಕೂ ವೇಗಮಿತಿ ಎಚ್ಚರಿಕೆ ಕಡ್ಡಾಯವಾಯಿತು. ಚಾಲಕರು ಆಫ್ ಮಾಡಿದರೂ ಮುಂದಿನ ಸಲ ಕಾರು ಚಾಲೂ ಮಾಡಿದಾಗ ಅದು ಮತ್ತೆ ಜೀವ ತಳೆಯುತ್ತದೆ. ಪ್ರತಿದಿನ ಬೆಳಿಗ್ಗೆ ಪರದೆಯೊಳಗೆ ಹುಡುಕಾಡಿ ಬೇಸತ್ತವರಿಗಾಗಿ ರೆನೋ ಕಂಪನಿ ಸ್ಟಿಯರಿಂಗ್‌ನ ಪಕ್ಕದಲ್ಲಿ ಒಂದು ಬಟನ್ ಇಟ್ಟಿತು. ಅದನ್ನು ಎರಡು ಸಲ ಒತ್ತಿದರೆ ಚಾಲಕ ಮೊದಲೇ ಆರಿಸಿಟ್ಟುಕೊಂಡ ಹೊಂದಾಣಿಕೆಗಳೆಲ್ಲ ಒಟ್ಟಿಗೆ ಜಾರಿಗೆ ಬರುತ್ತವೆ. ಆ ಚಿಕ್ಕ ಬಟನ್ ಬಗ್ಗೆ ಬಂದ ಮೆಚ್ಚುಗೆಯನ್ನು ನೋಡಿದರೆ, ಚಾಲಕರಿಗೆ ಸ್ವಯಂಚಾಲನೆಯ ಮೇಲೆ ದ್ವೇಷವಿಲ್ಲ, ಅದರೊಂದಿಗೆ ದಿನಾ ಚೌಕಾಸಿ ಮಾಡುವುದರ ಮೇಲೆ ಸಿಟ್ಟು ಎಂಬುದು ತಿಳಿಯುತ್ತದೆ.

ಯಂತ್ರವನ್ನು ಅತಿಯಾಗಿ ನಂಬುವ ಅಪಾಯ ಇದಕ್ಕೆ ತದ್ವಿರುದ್ಧವಾದ ಮಗ್ಗುಲು. ಚಾಲಕ ಗಮನ ಕೊಡುತ್ತಿದ್ದಾನೆಯೇ ಎಂದು ನೋಡಿಕೊಳ್ಳುವ ವ್ಯವಸ್ಥೆ ಸಾಲದೆಂಬ ಕಾರಣಕ್ಕೆ 2023ರ ಡಿಸೆಂಬರಿನಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 20 ಲಕ್ಷ ಕಾರುಗಳ ಆಟೋಪೈಲಟ್ ಎಂಬ ಚಾಲನಾ ನೆರವಿನ ಸಾಫ್ಟ್‌ವೇರನ್ನು ತಿದ್ದಬೇಕಾಯಿತು. ಕಾರಿನಾಚೆಯ ಉದಾಹರಣೆ ಇನ್ನೂ ಘೋರವಾದದ್ದು. 2017ರ ಆಗಸ್ಟ್ 21ರಂದು ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ಚುಕ್ಕಾಣಿಯ ಹಿಡಿತ ಮತ್ತು ಎಂಜಿನ್ನಿನ ಹಿಡಿತವನ್ನು ಟಚ್‌ಸ್ಕ್ರೀನುಗಳ ಮೂಲಕ ಒಂದು ಆಸನದಿಂದ ಇನ್ನೊಂದಕ್ಕೆ ವರ್ಗಾಯಿಸುವಾಗ ಯಾವುದು ಯಾರ ಕೈಯಲ್ಲಿದೆ ಎಂಬುದೇ ಅಲ್ಲಿದ್ದವರಿಗೆ ತಿಳಿಯದೆ ಹೋಗಿತ್ತು. ಕೈಯಲ್ಲಿ ಹಿಡಿಯುವ ಲಿವರ್ ಆಗಿದ್ದರೆ ಅದು ಯಾವ ಸ್ಥಾನದಲ್ಲಿದೆ ಎಂದು ದೂರದಿಂದಲೇ ಕಾಣುತ್ತಿತ್ತು. ತನಿಖೆಯ ನಂತರ, 2019ರಲ್ಲಿ, ನೌಕಾಪಡೆ ಈ ದರ್ಜೆಯ ನೌಕೆಗಳಿಗೆ ಮತ್ತೆ ಲಿವರ್‌ಗಳನ್ನು ಅಳವಡಿಸಲು ತೀರ್ಮಾನಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲೇ ಅಮೆರಿಕದ ಮನೋವಿಜ್ಞಾನಿ ಆಲ್ಫೊನ್ಸ್ ಚಪಾನಿಸ್, ಬಿ-17 ವಿಮಾನದ ಪೈಲಟ್‌ಗಳು ಒಂದೇ ಬಗೆಯ ಎರಡು ಸ್ವಿಚ್‌ಗಳನ್ನು ಅದಲುಬದಲು ಮಾಡಿ, ನೆಲಕ್ಕಿಳಿದ ಮೇಲೆ ಚಕ್ರಗಳನ್ನೇ ಮಡಚಿಬಿಡುತ್ತಿದ್ದಾರೆಂದು ಕಂಡುಕೊಂಡು, ಚಕ್ರದ ಸ್ವಿಚ್ಚಿಗೆ ಚಕ್ರದ ಆಕಾರವನ್ನೂ ರೆಕ್ಕೆಯ ಫ್ಲಾಪಿನದಕ್ಕೆ ಬೆಣೆಯ ಆಕಾರವನ್ನೂ ಕೊಡಿಸಿದ್ದರು. ಕೈಗೆ ಆಕಾರ ಸಿಕ್ಕರೆ ಕಣ್ಣಿಗೆ ಬಿಡುವು ಎಂಬ ಈ ತಿಳಿವಳಿಕೆಗೆ ಎಂಬತ್ತು ವರ್ಷ ಕಳೆದಿದೆ.

‘ಬಾಯಲ್ಲಿ ಹೇಳಿದರೆ ಸಾಕು, ಕಾರು ಕೇಳುತ್ತದೆ’ ಎಂಬುದು ನಿಮಗೆ ಸಿಗುವ ಮುಂದಿನ ಉತ್ತರ. ಕಿಟಕಿ ತೆರೆದಿದ್ದಾಗ, ನೆಟ್‌ವರ್ಕ್ ಇಲ್ಲದ ಘಾಟಿಯಲ್ಲಿ, ಹಿಂದಿನ ಸೀಟಿನಲ್ಲಿ ಮಾತುಕತೆ ನಡೆದಿರುವಾಗ ಅದು ಎಷ್ಟು ಕೇಳುತ್ತದೆಂದು ನೀವೇ ಪರೀಕ್ಷಿಸಿ ನೋಡಿ. ಕೇಳಿದರೂ ಮನಸ್ಸಿಗೆ ಅದು ಬಿಟ್ಟಿ ಕೆಲಸವಲ್ಲ. ಅಮೆರಿಕದ ವಾಹನ ಚಾಲಕರ ಸಂಘವಾದ ಎಎಎಯ ಸುರಕ್ಷತಾ ಪ್ರತಿಷ್ಠಾನಕ್ಕಾಗಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಕಾರುಗಳಲ್ಲಿ ಧ್ವನಿ ಆದೇಶ ಕೊಟ್ಟು ಮುಗಿದ ಮೇಲೂ 27 ಸೆಕೆಂಡಿನವರೆಗೆ ಚಾಲಕರ ಗಮನ ಪೂರ್ತಿಯಾಗಿ ರಸ್ತೆಗೆ ಮರಳಿರಲಿಲ್ಲ. ಫೋನ್ ಕರೆಗೆ, ದಾರಿ ಕೇಳುವುದಕ್ಕೆ ಅದು ಒಳ್ಳೆಯದೇ, ವೈಪರಿಗಲ್ಲ.

ತಯಾರಕರಿಗೂ ಇದು ಮನವರಿಕೆಯಾಗತೊಡಗಿದೆ. ಫೋಕ್ಸ್‌ವ್ಯಾಗನ್ ಕಂಪನಿ ಐಡಿ.3 ಕಾರಿನಲ್ಲಿ ಸ್ಪೀಕರಿನ ಸದ್ದು ಮತ್ತು ತಾಪಮಾನಕ್ಕೆ ಬೆರಳು ಜಾರಿಸುವ ಪಟ್ಟಿ ಇಟ್ಟು, ಅದಕ್ಕೆ ರಾತ್ರಿ ಕಾಣುವಂತೆ ಬೆಳಕನ್ನೂ ಕೊಡದೆ ಗ್ರಾಹಕರಿಂದ ಬಹಳ ಬೈಗುಳ ತಿಂದಿತ್ತು. ಸ್ಪೀಕರಿನ ಸದ್ದು, ಎರಡೂ ಬದಿಯ ತಾಪಮಾನ, ಫ್ಯಾನ್, ಹಜಾರ್ಡ್ ದೀಪ ಇವುಗಳಿಗೆ ಇನ್ನು ಮುಂದಿನ ಎಲ್ಲ ಕಾರುಗಳಲ್ಲೂ ನಿಜವಾದ ಬಟನ್ ಇರುತ್ತದೆಂದು ಅದರ ವಿನ್ಯಾಸ ಮುಖ್ಯಸ್ಥ ಆಂಡ್ರಿಯಾಸ್ ಮಿಂಟ್ 2025ರಲ್ಲಿ ಹೇಳಿದರು. ಗ್ರಾಹಕರ ಗುಂಪುಗಳೊಂದಿಗೆ ಪರೀಕ್ಷೆ ಮಾಡಿದಾಗ, ತುರ್ತಿನಲ್ಲಿ ಬೇಕಾದದ್ದು ಪರದೆಯಲ್ಲಿ ಸಿಗದೆ ಜನ ರೇಗುತ್ತಾರೆಂದು ತಿಳಿಯಿತು ಎಂದು ಹ್ಯುಂಡೈನ ಅಮೆರಿಕ ವಿನ್ಯಾಸ ವಿಭಾಗದವರೂ ಒಪ್ಪಿಕೊಂಡರು. ಎಲ್ಲಕ್ಕಿಂತ ಬಲವಾದ ನೂಕು ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆಯದು. ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್ ಮತ್ತು ತುರ್ತು ಕರೆ, ಈ ಐದಕ್ಕೆ ಕೈಗೆ ಸಿಗುವ ನಿಯಂತ್ರಣವಿಲ್ಲದ ಕಾರುಗಳು 2026ರಿಂದ ಪೂರ್ಣ ಐದು ಸ್ಟಾರ್ ಪಡೆಯುವುದು ಕಷ್ಟವಾಗುವಂತೆ ಅದು ಅಂಕ ಪದ್ಧತಿಯನ್ನು ಬದಲಿಸಿದೆ. ಎಲ್ಲರೂ ಹಿಂದಿರುಗುತ್ತಿದ್ದಾರೆ ಎಂದಲ್ಲ, ಬಹಳ ಕಾಲ ಬಟನ್ ಪಕ್ಷದಲ್ಲಿದ್ದ ಮಾಜ್ದಾ ತನ್ನ ಹೊಸ ಸಿಎಕ್ಸ್-5ರಲ್ಲಿ ದೊಡ್ಡ ಪರದೆಯತ್ತ ಹೊರಳಿದೆ. ನಮ್ಮಲ್ಲಿ 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಅಪಘಾತದ ರಕ್ಷಣೆಗೆ ಸ್ಟಾರ್ ಕೊಡುತ್ತದೆ, ಬಟನ್‌ಗಳಿಗೆ ಅಂಕವಿಲ್ಲ. ಹಾಗಾಗಿ ಐದು ಸ್ಟಾರ್ ಇದೆ ಎಂಬುದು ನಿಮ್ಮ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಯಾವ ಕಾರು ಕೊಳ್ಳಬೇಕೆಂದು ನಾನು ಹೆಸರು ಸೂಚಿಸುವುದಿಲ್ಲ, ಏಕೆಂದರೆ ಒಂದೇ ಮಾದರಿಯಲ್ಲೂ ವೇರಿಯಂಟ್ ಬದಲಾದಂತೆ ಡ್ಯಾಶ್‌ಬೋರ್ಡ್ ಬದಲಾಗುತ್ತದೆ. ಅದರ ಬದಲು ಶೋರೂಮಿನಲ್ಲಿ ಹೀಗೆ ಮಾಡಿ. ನಿಂತ ಕಾರಿನಲ್ಲಿ ಚಾಲಕನ ಸೀಟಿನಲ್ಲಿ ಕುಳಿತು, ಕಾಲು ಗಂಟೆ ಎಲ್ಲವನ್ನೂ ನೋಡಿಕೊಂಡ ಮೇಲೆ ಕಣ್ಣು ಮುಚ್ಚಿ. ಕಣ್ಣು ಮುಚ್ಚಿಕೊಂಡೇ ಒಂದು ಸಲ ವೈಪರ್ ಆಡಿಸಿ, ಹಜಾರ್ಡ್ ದೀಪ ಹಾಕಿ, ಡಿಫಾಗ್ ಒತ್ತಿ, ಫ್ಯಾನ್ ಜೋರು ಮಾಡಿ, ರೀಜನ್ ಒಂದು ಹಂತ ಏರಿಸಿ, ಡಿಮ್-ಡಿಪ್ ಮಾಡಿ. ಆಯಿತೋ ಇಲ್ಲವೋ ಎಂದು ಮಗ ಪಕ್ಕದಲ್ಲಿ ಕುಳಿತು ಹೇಳಲಿ. ಬಟನ್ನಿನಂತೆ ಕಾಣುವ ಎಲ್ಲವೂ ಬಟನ್ ಅಲ್ಲ ಎಂಬುದು ಆಗ ಗೊತ್ತಾಗುತ್ತದೆ. ಹೊಳೆಯುವ ಕಪ್ಪು ಫಲಕದ ಮೇಲೆ ಚಿತ್ರ ಕೊರೆದ ಟಚ್ ಪ್ಯಾನಲ್‌ಗಳಿಗೂ ಪರದೆಗೂ ಬೆರಳಿನ ಮಟ್ಟಿಗೆ ಹೆಚ್ಚು ಅಂತರವಿಲ್ಲ, ಬೆವರಿದ ಅಥವಾ ಒದ್ದೆಯಾದ ಬೆರಳಿಗೆ ಅವು ಒಮ್ಮೊಮ್ಮೆ ಸ್ಪಂದಿಸುವುದೂ ಇಲ್ಲ. ಸಾಧ್ಯವಾದರೆ ಟೆಸ್ಟ್ ಡ್ರೈವ್‌ಗೆ ಮಳೆ ಬರುವ ಸಂಜೆಯನ್ನೇ ಆರಿಸಿಕೊಳ್ಳಿ, ಮಳೆಯಿಲ್ಲದಿದ್ದರೆ ಒಂದು ಬಾಟಲಿ ನೀರು ಗಾಜಿಗೆ ಸುರಿದು ಆಟೋ ವೈಪರ್ ಏನು ಮಾಡುತ್ತದೆಂದು ನೋಡಿ. ಸ್ಟಿಯರಿಂಗ್ ಮೇಲೆ ನಮಗೆ ಬೇಕಾದ ಕೆಲಸಕ್ಕೆ ಹೊಂದಿಸಿಕೊಳ್ಳಬಹುದಾದ ಒಂದು ಬಟನ್ ಇದ್ದರೆ, ಪರದೆಯೊಳಗೆ ಹೂತುಹೋದ ಒಂದು ಕೆಲಸವನ್ನಾದರೂ ಅದರಿಂದ ಹೊರಗೆ ತರಬಹುದು.

ಐದು ಅಥವಾ ಆರು ಕೆಲಸಗಳೂ ಕಣ್ಣು ಮುಚ್ಚಿ ಆದರೆ, ಉಳಿದದ್ದು ಎಷ್ಟೇ ದೊಡ್ಡ ಪರದೆಯಲ್ಲಿರಲಿ, ಧೈರ್ಯವಾಗಿ ಕೊಳ್ಳಿ. ಮೂರಕ್ಕಿಂತ ಕಡಿಮೆಯಾದರೆ ಬೇರೆ ಕಾರು ನೋಡಿ, ಮಗ ಏನೇ ಹೇಳಲಿ. ಫ್ಯಾನ್ ಒಂದೇ ಪರದೆಯಲ್ಲಿದ್ದು ಉಳಿದದ್ದೆಲ್ಲ ಕೈಗೆ ಸಿಗುವಂತಿದ್ದರೆ ಅದನ್ನು ನಾನು ದೊಡ್ಡ ದೋಷವೆಂದು ಎಣಿಸುವುದಿಲ್ಲ.

ಕೊನೆಯದಾಗಿ, ಬಾಗಿಲುಗಳನ್ನೂ ನೋಡಿ. ಈಗಿನ ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಬಾಗಿಲು ತೆರೆಯುವುದೂ ಒಂದು ವಿದ್ಯುತ್ ಬಟನ್. ಅಪಘಾತದಲ್ಲಿ 12 ವೋಲ್ಟಿನ ಸರಬರಾಜು ಕಡಿದುಹೋದರೆ ಅದು ಕೆಲಸ ಮಾಡದಿರಬಹುದು, ಅದಕ್ಕಾಗಿ ಕೈಯಿಂದ ಎಳೆಯುವ ಲಿವರನ್ನು ಎಲ್ಲೋ ಒಂದು ಕಡೆ ಇಟ್ಟಿರುತ್ತಾರೆ. ಮುಂದಿನ ಬಾಗಿಲುಗಳಲ್ಲಿ ಅದು ಸುಲಭವಾಗಿ ಕಾಣಬಹುದು, ಹಿಂದಿನ ಬಾಗಿಲುಗಳಲ್ಲಿ ಹಾಸಿನ ಅಡಿಯಲ್ಲೋ ಬಾಗಿಲಿನ ಜೇಬಿನ ತಳದಲ್ಲೋ ಅಡಗಿರಬಹುದು. ಡೆಲಿವರಿ ತೆಗೆದುಕೊಳ್ಳುವ ದಿನ ನಾಲ್ಕೂ ಬಾಗಿಲುಗಳ ಲಿವರ್ ಎಲ್ಲಿದೆಯೆಂದು ತೋರಿಸಿ ಎಂದು ಕೇಳಿ, ಮನೆಯವರೆಲ್ಲರ ಕೈಯಿಂದ ಒಂದೊಂದು ಸಲ ಎಳೆಸಿ. ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗಲೂ ಅಷ್ಟೇ, ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಮನೆಯಂಗಳದಲ್ಲೇ ಪರದೆಯನ್ನು ಒಮ್ಮೆ ತಿರುವಿ ನೋಡಿ, ಯಾವುದಾದರೂ ಜಾಗ ಬದಲಾಗಿದೆಯೇ ಎಂದು ತಿಳಿದುಕೊಂಡು ಗಾಡಿ ತೆಗೆಯಿರಿ.